ಗೋಡೆ ದಾಟಿದ ಬಸವನಹುಳುಗಳು

ಸಸಿತೋಟದ ಕೋಣೆಯಿಂದ
ಭಾನುವಾರ ಮಧ್ಯಾಹ್ನ

ಅಮ್ಮಾ,

ಊಟ ಮುಗಿಸಿ ಕೂತು ಓದು. ನಗು ಬಂದರೆ ತುತ್ತು ನೆತ್ತಿಗೇರೀತು.

ಸಸಿ ಮಾರುವ ನಮ್ಮ ತೋಟದಲ್ಲಿ ಬಸವನಹುಳುಗಳ ಕಾಟ ಹೇಳತೀರದು. ಒಂದೊಂದೂ ಅಂಗೈಯಷ್ಟು ದೊಡ್ಡದು. ಸಂಜೆ ನೋಡಿದ ಎಳೆ ಚಿಗುರು ಬೆಳಿಗ್ಗೆ ಬರೀ ಕಡ್ಡಿ. ಯಜಮಾನಿಯಮ್ಮ, "ಇವು ಈ ಕಡೆ ಹುಳ ಅಲ್ಲ ಕಣೇ, ಯಾರೋ ತಂದು ಬಿಟ್ಟಿದಾರೆ. ಮುಂದಿನ ಶುಕ್ರವಾರ ತಪಾಸಣೆಯವರು ಬರ್ತಾರೆ. ಒಂದು ಹುಳ ಕಂಡ್ರೂ ನಮ್ಮ ಸಸಿ ಹೊರಗೆ ಹೋಗಲ್ಲ. ಆಮೇಲೆ ನಿನ್ನನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದರು. ನಾನು ತಲೆ ತಗ್ಗಿಸಿ ಬಕೆಟ್ ಎತ್ತಿಕೊಂಡೆ.

ಆರಿಸಿ ಉಪ್ಪುನೀರಿಗೆ ಹಾಕು ಎಂದಿದ್ದರು. ನನಗೆ ಕೈ ಬರಲಿಲ್ಲ. ಯಾರೂ ನೋಡದಾಗ ಹಿಂದಿನ ಗೋಡೆಯಾಚೆ ಸುರಿದುಬಿಟ್ಟೆ. ಮರುದಿನವೂ ಅಷ್ಟೇ ಹುಳು. ಮತ್ತೆ ಸುರಿದೆ. ಮೂರನೆಯ ಬೆಳಿಗ್ಗೆ ಒಂದು ಚಿಪ್ಪಿನ ಮೇಲೆ ಹಳದಿ ಬಣ್ಣದಲ್ಲಿ, ಮುದ್ದಾದ ಅಕ್ಷರದಲ್ಲಿ "ವಾಪಸ್" ಎಂದು ಬರೆದಿತ್ತು! ಆಚೆ ಕಡೆ ಅಂಗಡಿ ಬೋರ್ಡು ಬರೆಯುವ ತಾತನ ಮನೆ, ಗೋಡೆಗೆ ಅಂಟಿಕೊಂಡೇ ಅವರ ಹುರುಳಿಕಾಯಿ ಬಳ್ಳಿ. ನಾನು ಬೆಳಿಗ್ಗೆ ಸುರಿದದ್ದನ್ನು ಅವರು ಸಂಜೆ ಹಿಂದಕ್ಕೆ ಸುರಿಯುತ್ತಿದ್ದರು.

ಅಷ್ಟರಲ್ಲಿ ಗೋಡೆಯ ಮೇಲೆ ತಾತನ ತಲೆ ಕಂಡಿತು. "ಏನಮ್ಮಾ, ನಿನ್ನ ನೆಂಟರನ್ನ ದಿನಾ ನಮ್ಮನೆಗೇ ಊಟಕ್ಕೆ ಕಳಿಸ್ತೀಯಲ್ಲ?" ಎಂದರು. ಬಕೆಟ್ ಬೆನ್ನ ಹಿಂದೆ ಅಡಗಿಸಿದೆ. ಆದರೂ "ನೀವೂ ಕಳಿಸ್ತಿದೀರಲ್ಲ ತಾತ" ಎಂದುಬಿಟ್ಟೆ. ನಾನು! ನಂಬುತ್ತೀಯಾ? ತಾತ ಗೋಡೆ ಹಿಡಿದುಕೊಂಡು ನಕ್ಕರು. "ಹಿಂಗೇ ಆಡ್ತಿದ್ರೆ ಅವಕ್ಕೆ ಸವಾರಿ, ನಮಗೆ ಬರೀ ಚಾಕರಿ" ಎಂದರು.

ಆ ಸಂಜೆಯಿಂದ ಗೋಡೆಯ ಎರಡೂ ಕಡೆ ಕೋಸಿನ ಎಲೆ ಹರಡಿ ಒದ್ದೆ ಗೋಣಿಚೀಲ ಮುಚ್ಚಿದೆವು. ಬೆಳಿಗ್ಗೆ ಎತ್ತಿದರೆ ಹುಳುಗಳೆಲ್ಲ ಅಲ್ಲೇ ಗುಂಪುಗೂಡಿರುತ್ತಿದ್ದವು. ಕೈಗವಸು ಹಾಕಿ ಆರಿಸಿದೆ. ಉಪ್ಪುನೀರಿಗೂ ನಾನೇ ಹಾಕಿದೆ, ಮೊದಲ ದಿನ ಕಣ್ಣು ಮುಚ್ಚಿಕೊಂಡು. ಕುಂಡಗಳ ಮಣ್ಣು ಕೆದಕಿ ಮೆಣಸಿನ ಕಾಳಿನಷ್ಟು ದಪ್ಪದ ಬಿಳಿ ಮೊಟ್ಟೆಗಳನ್ನೂ ತೆಗೆದೆ. ಶುಕ್ರವಾರ ತಪಾಸಣೆಯವರು ಒಂದೊಂದು ಕುಂಡವನ್ನೂ ಎತ್ತಿ ನೋಡಿದರು. ಏನೂ ಸಿಗಲಿಲ್ಲ. ಸಸಿಗಳು ಗಾಡಿ ಹತ್ತಿದವು. ಯಜಮಾನಿಯಮ್ಮ ನನ್ನ ಬೆನ್ನು ತಟ್ಟಿದರು.

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಚಿಂತೆ ಬೇಡ.

ನಿನ್ನ
ಪುಕ್ಕಲಿ

ಮರೆತು ಬಿಟ್ಟದ್ದಲ್ಲ, ಹೆದರಿ ಕೊನೆಗೆ ಉಳಿಸಿದ್ದು: ನಾನು ಹೊರಟಾಗ ನೀನು ಕೊಟ್ಟ ದಾಸವಾಳದ ಕುಂಡದಲ್ಲಿ ಎರಡು ಪುಟ್ಟ ಹುಳುಗಳಿದ್ದವು. ನಮ್ಮ ಮನೆಯವು ಎಂಬ ಅಕ್ಕರೆಗೆ ಸಸಿಗಳ ನಡುವೆ ಬಿಟ್ಟವಳು ನಾನೇ. ವರ್ಷದೊಳಗೆ ಅಷ್ಟಾದವು. ಬೆನ್ನು ತಟ್ಟಿಸಿಕೊಂಡ ಮೇಲೆ ಸುಮ್ಮನಿರಲಾಗದೆ ನಿನ್ನೆ ಹೇಳಿಬಿಟ್ಟೆ. ಯಜಮಾನಿಯಮ್ಮ "ಬುಧವಾರ ಊರಿಗೆ ಹೊರಡು" ಎಂದರು. ಕೆಲಸ ಹೋಯಿತೆಂದು ಬಟ್ಟೆ ಗಂಟು ಕಟ್ಟಲು ಎದ್ದೆ. "ಎರಡು ದಿನ ಸಾಕಲ್ವಾ ನಿಮ್ಮಮ್ಮನಿಗೆ ಹುಳ ಹಿಡಿಯೋದು ಕಲಿಸೋಕೆ? ಶನಿವಾರ ಕೆಲಸಕ್ಕೆ ಬಂದ್ಬಿಡಬೇಕು" ಎಂದರು. ಗೋಣಿಚೀಲ ನೆನೆಸಿಡು. ಹಿಂದಿರುಗುವಾಗ ಏನು ಬೇಕಾದರೂ ಕಟ್ಟಿಕೊಡು, ಕುಂಡ ಮಾತ್ರ ಬೇಡ.