ಹೊಗೆ ನೆಟ್ಟಗೆ ಏಳುವುದಿಲ್ಲ

ಶೈಲೋಬೆಕ್ ಅಣ್ಣನಿಗೆ, ಬಿಷ್ಕೆಕ್ಕಿನ ಅಂಚಿನ ಬಡಾವಣೆಯಿಂದ ನಿನ್ನ ತಂಗಿ ಜಿಪಾರ್ ಬರೆಯುವುದು.

ಇಲ್ಲಿ ಯಾರೂ ಕ್ಷೇಮವಾಗಿಲ್ಲ, ಹಾಗಾಗಿ ಆ ಸಾಲನ್ನು ಬಿಟ್ಟಿದ್ದೇನೆ.

ನಿನ್ನ ಮಗನ ಮದುವೆಯಲ್ಲಿ ನಾನಾಡಿದ ಮಾತಿಗೆ ಹಿರಿಯರೆದುರು ಕ್ಷಮೆ ಕೇಳಬೇಕು, ಇಲ್ಲವಾದರೆ ನಿನ್ನ ಮನೆ ಬಾಗಿಲು ನನಗೆ ಮುಚ್ಚಿದಂತೆ ಎಂದು ಹೇಳಿ ಕಳಿಸಿದ್ದೀಯ. ನಮ್ಮ ಮಾತಿನಲ್ಲಿ ಹೊಗೆ ಅಂದರೂ ಸಂಸಾರ ಅಂದರೂ ಒಂದೇ ಪದ. ಆ ಊರಲ್ಲಿ ಎಷ್ಟು ಹೊಗೆ ಎಂದೇ ಅಜ್ಜ ಕೇಳುತ್ತಿದ್ದ. ಸೋದರತ್ತೆಯಾದವಳು ಹೊಸ ಜೋಡಿಗೆ "ನಿಮ್ಮ ಹೊಗೆ ನೆಟ್ಟಗೆ ಏಳಲಿ" ಎಂದು ಹರಸಬೇಕು. ನಾನೋ ತುಂಬಿದ ಸಭೆಯಲ್ಲಿ ಕೈಯೆತ್ತಿ, "ನಿಮ್ಮ ಹೊಗೆ ಆರಿಹೋಗಲಿ" ಎಂದೆ. ಕಡುವೈರಿಗೂ ಹಾಕಲು ಹಿಂಜರಿಯುವ ಶಾಪ ಅದು. ಮದುಮಗಳು ಪಾಪ, ಅಳು ನುಂಗಿಕೊಂಡು ನಿಂತಳು. ಅವಳ ಕಾಲು ಬೇಕಾದರೂ ಹಿಡಿಯುತ್ತೇನೆ. ನಿನ್ನದು ಹಿಡಿಯುವುದಿಲ್ಲ.

ಆ ಮಾತು ಹುಟ್ಟಿದ್ದು ನಿನ್ನ ಮೂಟೆಗಳಿಂದ ಅಣ್ಣ. ನಿನ್ನ ಕಾರ್ಖಾನೆಯಲ್ಲಿ ಜಾಕೀಟು ಹೊಲಿದು ಮಿಕ್ಕ ಚಿಂದಿಯನ್ನು ಪ್ರತಿ ಚಳಿಗಾಲ ನೆಂಟರಿಗೆಲ್ಲ ಮಹಾದಾನಿಯ ಹಾಗೆ ಹಂಚುತ್ತೀಯ. "ಕಲ್ಲಿದ್ದಲು ಯಾಕೆ ತಗೋತೀಯೇ, ಇದನ್ನ ಒಲೆಗೆ ತುರುಕು, ಬೆಳಗಿನವರೆಗೂ ಬಿಸಿ ಇರುತ್ತೆ" ಅಂತೀಯ. ದೊಡ್ಡವರು ಕೊಟ್ಟದ್ದನ್ನು ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ. ನಾನು ಉರಿಸದೆ ಮೂಲೆಗಿಟ್ಟರೂ ನಮ್ಮ ಬೀದಿ ಪೂರ್ತಿ ನಿನ್ನಂಥವರು ಕೊಟ್ಟ ಚಿಂದಿಯನ್ನೇ ಉರಿಸುತ್ತದೆ.

ಬಟ್ಟೆಯೇ ಅದು? ಬರೀ ಪ್ಲಾಸ್ಟಿಕ್ಕು. ಸುಟ್ಟ ಕೂದಲು, ಸೀದ ಟೈರು, ಎರಡನ್ನೂ ಸೇರಿಸಿ ಕುದಿಸಿದಂತೆ ನಾರುತ್ತದೆ. ರೊಟ್ಟಿ ಕಚ್ಚಿದರೂ ಅದೇ ರುಚಿ. ಮೂಗು ಸೀಟಿದರೆ ಕರವಸ್ತ್ರ ಕಪ್ಪು. ಬೆಳಿಗ್ಗೆ ಬಿದ್ದ ಹಿಮ ಮಧ್ಯಾಹ್ನದೊಳಗೆ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗುತ್ತದೆ. ಅಮ್ಮ ನನಗೆ ಜಿಪಾರ್, ಅಂದರೆ ಪರಿಮಳ, ಎಂದು ಹೆಸರಿಟ್ಟಳು, ಅದೊಂದು ಬೇರೆ ಕೇಡು. ಹೊಗೆ ನೆಟ್ಟಗೆ ಏಳುವುದೆಲ್ಲಿ? ಗಾಳಿಯಾಡದ ಈ ಚಳಿಯಲ್ಲಿ ಅದು ಅಂಗಳದಲ್ಲೇ ಬಿದ್ದುಕೊಂಡು, ಬಾಗಿಲ ಸಂದಿಯಿಂದ ಕರೆಯದ ನೆಂಟನಂತೆ ಒಳಗೆ ನುಗ್ಗುತ್ತದೆ.

ನನ್ನ ಮಗಳು ಬೇಗಾಯ್‌ಗೆ ಕೆಮ್ಮು ಹತ್ತಿದಾಗ ಕುರಿಯ ಬಾಲದ ಕೊಬ್ಬು ಕರಗಿಸಿ ಎದೆಗೆ ತಿಕ್ಕಿದೆ. ಪಕ್ಕದ ಮನೆಯ ಅಜ್ಜಿ ಕೆಟ್ಟ ದೃಷ್ಟಿ ಎಂದು ಆರ್ಚಾ ಸೊಪ್ಪನ್ನು ಕೆಂಡಕ್ಕೆ ಹಾಕಿ, ಮಗುವಿನ ತಲೆಯ ಸುತ್ತ ಹೊಗೆ ನಿವಾಳಿಸಿದಳು. ಹೊಗೆಗೆ ಹೊಗೆಯೇ ಮದ್ದು ನೋಡು. ಐದು ವರ್ಷದ ಕೂಸಿನ ತುಟಿ ನೀಲಿಯಾಯಿತು. ಆಸ್ಪತ್ರೆಯಲ್ಲಿ ಒಂದೊಂದು ಮಂಚಕ್ಕೆ ಇಬ್ಬರು ಮಕ್ಕಳು. ಅಲ್ಲಿನ ಡಾಕ್ಟರಮ್ಮನಿಗೇ ಕೆಮ್ಮು. "ಔಷಧಿ ಕೊಡ್ತೀನಮ್ಮ, ಗಾಳಿ ಎಲ್ಲಿಂದ ತರ್ಲಿ?" ಎಂದಳು.

ಮರುದಿನವೇ ನಿನ್ನ ಮನೆಯ ಮದುವೆ. ಸೋದರತ್ತೆಯಿಲ್ಲದೆ ಶಾಸ್ತ್ರ ನಡೆಯದು, ಮಕ್ಕಳಿಗೆ ಕೆಮ್ಮು ನೆಗಡಿ ಇದ್ದದ್ದೇ ಎಂದು ನೀನು ಫೋನಿನ ಮೇಲೆ ಫೋನು ಮಾಡಿದೆ. ಮಗಳನ್ನು ಅವಳಪ್ಪನಿಗೆ ಒಪ್ಪಿಸಿ ಓಡಿ ಬಂದರೆ, ಹಿತ್ತಿಲಲ್ಲಿ ಪಲಾವಿನ ಕಡಾಯಿಯ ಕೆಳಗೆ ಉರಿಯುತ್ತಿದ್ದುದು ಅದೇ ಚಿಂದಿ. ನೀನು ನಗುನಗುತ್ತಾ ಇನ್ನೊಂದು ಹಿಡಿ ತುರುಕಿ, ಅದೇ ಕೈಯಿಂದ ನನ್ನನ್ನು ಹರಸಲು ಮುಂದಕ್ಕೆ ತಳ್ಳಿದೆ. ಬಾಯಿಗೆ ಬಂದದ್ದು ಆ ಮಾತು. ಶಾಪವೆಂದು ಕೇಳಿಸಿತಲ್ಲ ನಿಮಗೆಲ್ಲ, ಅಷ್ಟು ಒಳ್ಳೆಯ ಹಾರೈಕೆಯನ್ನು ನಾನು ಈವರೆಗೆ ಯಾರಿಗೂ ಹಾರೈಸಿಲ್ಲ.

ಮೂಲೆಯಲ್ಲಿದ್ದ ಮೂಟೆಗಳನ್ನು ನಿನ್ನ ಗೇಟಿನ ಬಳಿ ಇಳಿಸಿದ್ದೇನೆ. ಹಿರಿಯರು ಕೊಟ್ಟದ್ದನ್ನು ಹಿಂದಿರುಗಿಸಿದರೆ ನಂಟು ಕಡಿದಂತೆ ಎಂಬುದು ನನಗೂ ಗೊತ್ತು. ಕಡಿದುಕೊಳ್ಳುವುದಾದರೆ ಕಡಿದುಕೋ.

ಆದರೆ ಒಂದು ಮಾತು. ಅಂದು ಮದುವೆಯಿಂದ ನೇರ ಆಸ್ಪತ್ರೆಗೆ ಹೋಗಿ ಬೇಗಾಯ್ ಮೇಲೆ ಬಗ್ಗಿದೆ. ಆಕ್ಸಿಜನ್ ಮಾಸ್ಕನ್ನು ಸರಿಸಿ, ನನ್ನ ಕೋಟು ಮೂಸಿ, ಕಣ್ಣರಳಿಸಿ ಕೇಳಿದಳು: "ಅಮ್ಮಾ, ಮಾವ ಬಂದಿದಾನಾ? ಮಾವನ ವಾಸನೆ ಬರ್ತಿದೆ."

ಆಮೇಲೆ ಕೆಮ್ಮಿದಳು, ಮಾಸ್ಕು ಹಾಕಿದರೂ ನಿಲ್ಲಲಿಲ್ಲ. ಇನ್ನೂ ಅಲ್ಲೇ ಇದ್ದಾಳೆ, ಬಾಗಿಲು ನೋಡುತ್ತಿರುತ್ತಾಳೆ. ಬಾ ಅಣ್ಣ. ಸ್ನಾನ ಮಾಡಿಕೊಂಡು ಬಾ.

ನಿನ್ನ ಉಸಿರು ಚೆನ್ನಾಗಿರಲಿ.

ನಿನ್ನ ತಂಗಿ,
ಜಿಪಾರ್