ಗುಡ್ಡದ ಕೆರೆಯ ಸವಿ ನೀರು

೧೮-೧೦-೧೯೭೦, ರವಿವಾರ

ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ಕುರಿಯ ವಾಸನೆ ಹೋಗುತ್ತಿಲ್ಲ. ಥೂ.

ಗುಡ್ಡದ ಬುಡದ ಈ ಕೆರೆಗೆ ಮರುಳಾಗಿಯೇ ಇವರು ಊರೊಳಗಿನ ಮನೆ ಬಿಟ್ಟು ಇಲ್ಲಿ ಮನೆ ಹಿಡಿದದ್ದು. ಬಂದಾಗಿನಿಂದ ಕೆರೆಯ ನೀರನ್ನೇ ಕುಡಿಯುತ್ತಿದ್ದೇವೆ. ಇವತ್ತು ಕೊಡ ಹೊತ್ತು ಹೋದರೆ, ಉಣ್ಣೆ ಕತ್ತರಿಸುವ ಮೊದಲು ಇಡೀ ಹಿಂಡನ್ನು ನೀರಿಗಿಳಿಸಿ ತಿಕ್ಕುತ್ತಿದ್ದಾರೆ. ಹಿಕ್ಕೆ, ಜಿಡ್ಡು, ನೊರೆ.

ಕುರಿ ತಿಕ್ಕುತ್ತಿದ್ದ ಬಾಳವ್ವ ನನ್ನ ಕೊಡ ನೋಡಿ ತಲೆ ತಗ್ಗಿಸಿದಳು. “ಇದು ಕುರಿ ಮೈ ತೊಳಿಯೋ ನೀರ್ರಿ ಯವ್ವಾ. ಕುಡ್ಯಾಕ ನಾವು ದಂಡಿ ಉಸುಕಿನ್ಯಾಗ ವರ್ತಿ ತೋಡಿ, ಒಸರೋ ನೀರ ತುಂಬ್ಕೋತೀವಿ. ಮೊನ್ನೇನ ಹೇಳಬೇಕಂತಿದ್ದೆ, ಹೊಸಬರು, ಏನ ಅನ್ಕೋತೀರೋ ಅಂತ ಸುಮ್ಮನಾದೆ.”

ಮೊನ್ನೆ ಚಹಾ ಕೊಟ್ಟಾಗ “ಚಾ ಬಿಟ್ಟೀನ್ರಿ” ಎಂದು ಲೋಟ ಮುಟ್ಟದೆ ಎದ್ದುಹೋಗಿದ್ದಳು. ಎಷ್ಟು ಸೊಕ್ಕು ಅಂದುಕೊಂಡಿದ್ದೆ.

ಇವರಿಗೆ ಎಲ್ಲ ಹೇಳಿದೆ. ಮನೆ ಆರಿಸಿದವರು ತಾವಲ್ಲವೇ! ಅದೇ ನೀರನ್ನು ತಂಬಿಗೆ ತುಂಬ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, “ಭಾಳ ಸವಿ ನೀರ. ಏನೂ ವಾಸ್ನಿ ಇಲ್ಲ” ಎಂದರು. ಕುರಿಗಳನ್ನು ನೋಡಿದಾಗಲೂ ನನಗೆ ಇಷ್ಟು ಹೇಸಿಕೆ ಬಂದಿರಲಿಲ್ಲ.

ನಾಳೆ ಬಾಳವ್ವನ ಜೊತೆ ಹೋಗಿ ವರ್ತಿ ತೋಡುತ್ತೇನೆ, ನನ್ನೊಬ್ಬಳಿಗೆ ಸಾಕಾಗುವಷ್ಟು. ಇವರ ತಂಬಿಗೆಗೆ ಮಾತ್ರ ಕೆರೆಯದೇ...