ನಾಲ್ಕು ದಾರ, ಮೂರು ಚೀಟಿ

ಬುಧವಾರ, ಬೆಳಿಗ್ಗೆ ಹತ್ತು ಗಂಟೆ
ಕಾಲೇಜಿನ ಸಿಬ್ಬಂದಿ ಕೊಠಡಿ

ನನ್ನ ಗುಂಡಿಗೆ,

ಮೂರು ವರ್ಷದವಳಿದ್ದಾಗ ಅಪ್ಪನ ಅಂಗಿಯ ಗುಂಡಿ ನುಂಗಿ ಈ ಹೆಸರು ಸಂಪಾದಿಸಿದವಳು ನೀನು. ಈಗ ದವಡೆಗೆ ತಂತಿ ಬಿಗಿಸಿಕೊಂಡು ನೀರನ್ನೂ ಕೊಳವೆಯಲ್ಲಿ ನುಂಗುತ್ತಿದ್ದೀಯ. ನಿನ್ನೆ ನಿನ್ನ ಹಾಸಿಗೆಯ ಪಕ್ಕ ಎರಡು ಗಂಟೆ ಕೂತಿದ್ದೆ. ನರ್ಸು ನಿನಗೆ ಬರೆಯಲೆಂದು ಕೊಟ್ಟ ಪ್ಯಾಡನ್ನು ನೀನು ನನ್ನ ಕಡೆ ತಳ್ಳಿ, ಗೋಡೆಯ ಕಡೆ ಹೊರಳಿದೆ. ನಾನೇ ಬರೆಯಬೇಕು ಅಂತ ತಾನೆ? ಬರೆಯುತ್ತಿದ್ದೇನೆ. ಲ್ಯಾಬಿನ ಬೀರುವಿನ ಬಾಗಿಲಿಗೆ ಸಿಕ್ಕಿ ಹೋದ ನನ್ನ ಬಲಗೈಯ ಎರಡು ಉಗುರು ಇನ್ನೂ ಪೂರ್ತಿ ಬಂದಿಲ್ಲ. ಅಕ್ಷರ ಓರೆಯಾಗಿದ್ದರೆ ಬೇಸರ ಮಾಡಿಕೊಳ್ಳಬೇಡ.

ನಾಳೆ ನಿನ್ನ ಗಂಡನ ಜಾಮೀನಿನ ವಿಚಾರಣೆ. ನೀನು ಒದ್ದೆ ಬಚ್ಚಲಲ್ಲಿ ಜಾರಿ ಬಿದ್ದೆಯಂತೆ, ಅವನೇ ಕೈಯಾರೆ ಕೂರಿಸಿದ ಟೈಲ್ಸಿನ ಮೇಲೆ. ಅವನ ವಕೀಲರ ಹತ್ತಿರ ಅದಕ್ಕೆ ಸಾಕ್ಷಿಯೂ ಇದೆ: ನಿನ್ನದೇ ಕೈಬರಹದ, ಕೆಂಪು ದಾರ ಕಟ್ಟಿದ ಚೀಟಿ. 'ಎರಡು ದಿನದಿಂದ ಮನೆ ತಣ್ಣಗಿದೆ. ಬಾಯಿ ತಪ್ಪಿಯೂ ಬೈದಿಲ್ಲ. ಈಗ ಬರಬೇಡ ಅಕ್ಕ.' ಅದು ಹೋದ ವಾರಕ್ಕೂ ಹಿಂದಿನ ಗುರುವಾರ ನನ್ನ ಕೈಸೇರಿತು, ಶನಿವಾರ ನೀನು ಆಸ್ಪತ್ರೆ ಸೇರಿದೆ. ಗುರುವಾರ ಬೈಯಲೂ ಬಾರದಷ್ಟು ಸಾಧುವಾಗಿದ್ದವನು ಶನಿವಾರ ಸುತ್ತಿಗೆ ಎತ್ತುತ್ತಾನೆಯೇ, ಎಂದು ವಕೀಲರು ಕೇಳಲಿದ್ದಾರೆ. ಆ ಚೀಟಿಯನ್ನು ಪೊಲೀಸರ ಕೈಗೆ ಕೊಟ್ಟವಳು ನಾನೇ. ನಿನ್ನ ಕೊನೆಯ ಚೀಟಿ ಇದೇ ಎಂದು ಹೇಳಿಕೆಗೆ ಸಹಿ ಹಾಕಿದವಳೂ ನಾನೇ.

ಅವನು ಹೊರಗೆ ಬಂದರೆ ಎಲ್ಲಿಗೆ ಬರುತ್ತಾನೆಂದು ನಿನಗೂ ಗೊತ್ತು. ನಿನ್ನ ವಾರ್ಡಿಗೆ ಚಿಲಕವಿಲ್ಲ. ನಿನ್ನೆ ಕೂತಷ್ಟು ಹೊತ್ತೂ ಅದನ್ನೇ ನೋಡುತ್ತಿದ್ದೆ.

ಅವನು ನಿನ್ನ ಫೋನನ್ನು ಅದೇ ಸುತ್ತಿಗೆಯಿಂದ ಜಜ್ಜಿದ ಮೇಲೆ, ಎರಡೂ ಮನೆಯ ಬಟ್ಟೆ ಒಯ್ಯುವ ಇಸ್ತ್ರಿಯಮ್ಮ ನಮ್ಮಿಬ್ಬರ ನಡುವಿನ ಅಂಚೆಯಾದಳು. ಯಾವ ಬಟ್ಟೆ ಯಾರ ಮನೆಯದೆಂದು ತಿಳಿಯಲು ಅವಳು ಅಂಚಿಗೆ ದಾರ ಕಟ್ಟುವವಳು, ಅಲ್ಲಿ ಇನ್ನೊಂದು ದಾರ ನೇತಾಡಿದರೆ ಯಾರು ಕೇಳುತ್ತಾರೆ? ಚೀಟಿಗಳು ಹಿಂದುಮುಂದಾಗುತ್ತವೆ, ಕಳೆದೂ ಹೋಗುತ್ತವೆ, ಅದಕ್ಕೊಂದು ಕ್ರಮ ಬೇಕು ಎಂದೆ. ಕಂಪ್ಯೂಟರುಗಳ ನಡುವೆ ಸಂದೇಶ ಕಳೆಯದಂತೆ ಸಾಗಿಸುವುದು ಹೇಗೆಂದು ಇಪ್ಪತ್ತೆರಡು ವರ್ಷದಿಂದ ಹುಡುಗರಿಗೆ ಪಾಠ ಮಾಡಿದ ವಿದ್ಯೆ ಮನೆಗೆ ಉಪಯೋಗಕ್ಕೆ ಬಂತೆಂದು ಒಳಗೊಳಗೇ ಬೀಗಿದೆ.

ಪ್ರತಿ ಚೀಟಿಗೂ ಒಂದು ಬಣ್ಣ: ಕೆಂಪು, ನೀಲಿ, ಹಸಿರು, ಕಪ್ಪು, ಮತ್ತೆ ಕೆಂಪು. ಉತ್ತರ ಬಾರದೆ ಮೂರಕ್ಕಿಂತ ಹೆಚ್ಚು ಚೀಟಿ ಹೊರಗಿರಕೂಡದು, ಸಿಕ್ಕಿಬಿದ್ದರೆ ಮೂರರಷ್ಟೇ ಅಪಾಯ. ನನಗೆ ತಲುಪಿದ ಮೇಲೆ ಕೊನೆಯ ಬಣ್ಣದ ದಾರವನ್ನು ನಿನ್ನ ರವಿಕೆಯ ಕಾಜಕ್ಕೆ ಕಟ್ಟಿ ಕಳಿಸುತ್ತೇನೆ, ಆಗ ಮುಂದಿನ ಮೂರು. ದಾರ ಬಾರದಿದ್ದರೆ ಹೊಸದು ಬರೆಯಬೇಡ, ಎಲ್ಲಕ್ಕಿಂತ ಹಳೆಯದನ್ನು ಅದೇ ಬಣ್ಣದಲ್ಲಿ, ಅಕ್ಷರಕ್ಕೆ ಅಕ್ಷರ, ಮತ್ತೆ ಕಳಿಸು. ಇದನ್ನು ವಿಂಡೋ ಅನ್ನುತ್ತಾರೆ, ಉತ್ತರ ಬಂದಂತೆ ಮುಂದೆ ಜಾರುತ್ತದೆ ಎಂದು ಹೇಳಿದ್ದಕ್ಕೆ ನೀನೇನು ಬರೆದಿದ್ದೆ, ನೆನಪಿದೆಯಾ? 'ನಮ್ಮ ಅಡುಗೆಮನೆ ಕಿಟಕಿಯೂ ಜಾರುತ್ತೆ ಅಕ್ಕ, ಆದರೆ ಅರ್ಧಕ್ಕೆ ಸಿಕ್ಕಿಹಾಕ್ಕೊಳ್ಳುತ್ತೆ.' ಓದಿ ಒಬ್ಬಳೇ ನಕ್ಕಿದ್ದೆ.

ಇಸ್ತ್ರಿಯಮ್ಮನಿಗೆ ಓದು ಬಾರದು, ಆದರೆ ದಾರದ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಅವಳು ಅವತ್ತೇ ಹೇಳಿದ್ದಳು, ಟೀಚರಮ್ಮ, ನಾಲ್ಕೇ ಬಣ್ಣ ಆದ್ರೆ ಕಲಸುಮೇಲೋಗರ ಆಗತ್ತೆ, ಹಳದಿ ಐತೆ, ಬಿಳಿ ಐತೆ, ತಂದ್ಕೊಡ್ಲಾ ಅಂತ. ಮೂರು ಚೀಟಿಗೆ ನಾಲ್ಕು ಬಣ್ಣ ಧಾರಾಳವಾಯ್ತು ಬಿಡಮ್ಮ ಅಂದೆ. ಅವಳು ಪೆಟ್ಟಿಗೆಗೆ ಕೆಂಡ ತುಂಬುತ್ತಾ, ನೀವು ಓದಿದೋರು, ಅಂದಳು.

ಈಗ ನಡೆದದ್ದನ್ನು ಕೇಳು. ನಿನ್ನ ಕೆಂಪು ಬಂತು: ಮನೆ ತಣ್ಣಗಿದೆ. ನೀಲಿ ಬಂತು: ಪರದೆ ಒಗೆದೆ, ಅವನು ಮಾತಾಡುತ್ತಿಲ್ಲ. ಹಸಿರು ಬಂತು: 'ಕೆಲಸದ ಚೀಲ ಮನೆಗೆ ತಂದಿದ್ದಾನೆ. ಸುತ್ತಿಗೆ ಅಡುಗೆಮನೆ ಕಿಟಕಿಯ ಮೇಲಿದೆ.' ಓದಿದವಳೇ ಹಸಿರು ದಾರ ಕಟ್ಟಿ ಕಳಿಸಿದೆ, ಮೂರೂ ಮುಟ್ಟಿದವು ಎಂದು. ಶುಕ್ರವಾರಕ್ಕೆ ರಜೆ ಬರೆದೆ, ಚೀಲ ಕಟ್ಟಿದೆ, ನಿನ್ನನ್ನು ಕರೆತರಲು.

ಆ ಹಸಿರು ದಾರ ನಿನ್ನನ್ನು ತಲುಪಲಿಲ್ಲ. ಅವತ್ತು ಬಟ್ಟೆ ಒಯ್ಯಲು ಅವನೇ ಇಸ್ತ್ರಿ ಗಾಡಿಯ ಹತ್ತಿರ ಬಂದಿದ್ದನಂತೆ. ಏನಿದು ಬಾಲ, ನೀಟಾಗಿ ಕೆಲಸ ಮಾಡಕ್ಕಾಗಲ್ವಾ ಅಂತ ಬೈದು, ಕಾಜದಿಂದ ದಾರ ಕಿತ್ತು ರಸ್ತೆಗೆ ಎಸೆದನಂತೆ. ಅವನಿಗೆ ಏನೂ ಗೊತ್ತಿರಲಿಲ್ಲ. ಬರೀ ಅಚ್ಚುಕಟ್ಟಿನ ಮನುಷ್ಯ. ಇಸ್ತ್ರಿಯಮ್ಮ ಹೆದರಿ ತುಟಿ ಹೊಲಿದುಕೊಂಡಳು.

ದಾರ ಬರಲಿಲ್ಲವೆಂದು ನೀನು ನಿಯಮದಂತೆ ಹಳೆಯ ಕೆಂಪನ್ನೇ ಮತ್ತೆ ಬರೆದೆ. ನಾನಾದರೋ ಮೂರಕ್ಕೂ ಉತ್ತರ ಕೊಟ್ಟವಳು. ನನ್ನ ಲೆಕ್ಕದಲ್ಲಿ ಮುಂದೆ ಬರಬೇಕಾದದ್ದು ಕಪ್ಪು, ಹೊಸ ಕೆಂಪು, ಹೊಸ ನೀಲಿ. ಕಪ್ಪು ದಾರಿಯಲ್ಲಿ ತಡವಾಗಿ ಕೆಂಪೇ ಮೊದಲು ಬಂದರೂ ತೆಗೆದಿಟ್ಟುಕೊಳ್ಳಬೇಕು, ಈ ಪದ್ಧತಿಯ ಸೊಗಸೇ ಅದು ಎಂದು ಪ್ರತಿ ವರ್ಷ ಹೇಳುತ್ತೇನೆ. ಗುರುವಾರ ಕೆಂಪು ಬಂತು. ಹೊಸದೆಂದುಕೊಂಡೆ. ಮನೆ ತಣ್ಣಗಿದೆ, ಬರಬೇಡ. ಕಟ್ಟಿದ್ದ ಚೀಲ ಬಿಚ್ಚಿದೆ, ರಜೆ ವಾಪಸು ತೆಗೆದುಕೊಂಡೆ.

ಮೂರು ಚೀಟಿ ಹೊರಗಿರಬಹುದಾದರೆ ಆರು ಬಣ್ಣ ಬೇಕು, ಗುಂಡಿ. ಹೊರಗಿರುವುದರ ಎರಡರಷ್ಟು. ಇಲ್ಲದಿದ್ದರೆ ಹಳೆಯದು ಹೊಸದರ ವೇಷ ಹಾಕಿಕೊಂಡು ಬರುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ಮೇಡಂ, ಇದು ಪರೀಕ್ಷೆಗೆ ಬರತ್ತಾ ಅಂತ ಹಿಂದಿನ ಬೆಂಚಿನವರು ಕೇಳುತ್ತಾರೆ. ಬಂದೇ ಬರತ್ತೆ ಅನ್ನುತ್ತೇನೆ.

ಬಂತು.

ಶನಿವಾರದ ಬಗ್ಗೆ ನಿಮ್ಮ ಪಕ್ಕದ ಮನೆಯಾಕೆ ಹೇಳಿದ್ದು ಇಷ್ಟು. ಮೊದಲು ತಟ್ಟಿದ ಸದ್ದು, ಟೈಲ್ಸ್ ಕೂರಿಸುವಾಗ ಬರುವಂಥದ್ದೇ, ಮೆತ್ತಗೆ. ಬೆಳಿಗ್ಗೆಯೇ ಮನೆಯಲ್ಲಿ ಏನೋ ರಿಪೇರಿ ಎಂದುಕೊಂಡಳಂತೆ. ರಬ್ಬರ್ ಸುತ್ತಿಗೆ ಅಲ್ಲವೇ, ಅದರಿಂದ ಇವತ್ತಿನವರೆಗೆ ಒಂದು ಟೈಲೂ ಒಡೆದಿಲ್ಲ ಎಂದು ಅವನು ಮದುವೆಗೆ ಬಂದವರಿಗೆಲ್ಲ ಹೇಳಿದ್ದ. ಮೊದಲ ಏಟು ದವಡೆಗೆ. ಎರಡನೆಯದು ತಡೆಯಲು ಎತ್ತಿದ ಮಣಿಕಟ್ಟಿಗೆ. ಉಳಿದವು ನೀನು ಬಿದ್ದ ಮೇಲೆ, ಬೆನ್ನಿಗೆ, ಸೊಂಟಕ್ಕೆ, ಒಂದರ ಪಕ್ಕ ಒಂದು, ಸಾಲು ತಪ್ಪದಂತೆ. ವೈದ್ಯರು ನನಗೆ ಎಣಿಸಿ ತೋರಿಸಿದರು. ಹದಿನಾಲ್ಕು. ಪಕ್ಕದ ಮನೆಯಾಕೆ ಬಾಗಿಲು ತಳ್ಳಿ ಒಳಗೆ ಬಂದಾಗ ಅವನು ನೆಲದ ರಕ್ತವನ್ನು ಸ್ಪಂಜಿನಿಂದ ಒರೆಸುತ್ತಿದ್ದನಂತೆ, ಸಂದಿಗೆ ಇಳಿದರೆ ಕಲೆ ಹೋಗಲ್ಲ ಅನ್ನುತ್ತಾ. ನಿನ್ನ ಮೂರು ಹಲ್ಲನ್ನು ಅವಳು ಸ್ಟೀಲ್ ಲೋಟದಲ್ಲಿ ಹಾಕಿ ತಂದುಕೊಟ್ಟಳು.

ನಾನು ಕವಿತೆ ಓದುವವಳು, ಇರುವೆಯನ್ನು ಊದಿ ಕಳಿಸುವವಳು ಎಂದು ನೀನು ಆಡಿಕೊಳ್ಳುತ್ತಿದ್ದೆ. ಈ ಹನ್ನೊಂದು ದಿನದಿಂದ ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಆ ಸುತ್ತಿಗೆ ನನ್ನ ಕೈಯಲ್ಲಿರುತ್ತದೆ. ಮೊದಲು ಅವನ ಬೆರಳು, ಒಂದೊಂದಾಗಿ. ಆಮೇಲೆ ಮಂಡಿ. ಮುಖವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನಿನ್ನೆ ಚಾಕ್ ಎರಡು ತುಂಡಾಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು, ಮೇಡಂ, ನೀರು ಕುಡೀರಿ ಅಂದಳು.

ಆಸ್ಪತ್ರೆಯವರು ಕೊಟ್ಟ ನಿನ್ನ ಬಟ್ಟೆಯ ಚೀಲದಲ್ಲಿ, ರವಿಕೆಯ ಒಳಮಡಿಕೆಯಲ್ಲಿ, ಕಪ್ಪು ದಾರದ ಚೀಟಿ ಸಿಕ್ಕಿತು. ಮಡಚಿ, ಗಂಟು ಹಾಕಿ, ಸರದಿಗಾಗಿ ಕಾದಿತ್ತು. ಬಿಚ್ಚಿದೆ. 'ಅಕ್ಕ ಬಾ.' ಎರಡೇ ಪದ. ಮೂರು ಹೊರಗಿರುವಾಗ ನಾಲ್ಕನೆಯದು ಕಳಿಸಬಾರದೆಂದು ಅಕ್ಕ ಹೇಳಿದ್ದಳಲ್ಲ. ಮನೆಗೆ ಬೆಂಕಿ ಬಿದ್ದರೂ ಸಾಲಲ್ಲಿ ನಿಲ್ಲುವವಳು ನೀನು. ಆಪತ್ತಿಗೆಂದು ಒಂದು ಬಣ್ಣ ಬೇರೆ ಇಡಬೇಕೆಂದು ನನಗೆ ಹೊಳೆಯಲಿಲ್ಲ. ಇಸ್ತ್ರಿಯಮ್ಮ ಹಳದಿಯನ್ನು ಕೈಯಲ್ಲಿ ಹಿಡಿದು ಕೇಳಿದ್ದಳು.

ಒಂದು ಒಳ್ಳೆಯ ಸುದ್ದಿಯೂ ಇದೆ. ಓದಿದ ಕೂಡಲೇ ಚೀಟಿ ಸುಡಬೇಕೆಂದು ನಿಯಮ ಮಾಡಿದವಳು ನಾನು. ಪೊಲೀಸರಿಗೂ ಹಳೆಯವನ್ನೆಲ್ಲ ಸುಟ್ಟೆನೆಂದೇ ಹೇಳಿದ್ದೆ. ಆದರೆ ನಿನ್ನೆ ಕವಿತೆಯ ಪುಸ್ತಕ ಕೊಡವಿದಾಗ ಮೊದಲಿನ ಕೆಂಪು ಚೀಟಿ ಕೆಳಗೆ ಬಿತ್ತು. ಗುರುತಿಗೆಂದು ಇಟ್ಟು ಮರೆತಿದ್ದೆ. ಎರಡನ್ನೂ ನಾಳೆ ನ್ಯಾಯಾಧೀಶರ ಮುಂದೆ ಇಟ್ಟರೆ ಸಾಕು, ಗುರುವಾರದ್ದು ಹಳೆಯ ಮಾತಿನ ನಕಲು ಎಂದು ಮಕ್ಕಳಿಗೂ ಅರ್ಥವಾಗುತ್ತದೆ. ನಿನ್ನ ಕಪ್ಪು ಚೀಟಿಯನ್ನೂ ಇಡುತ್ತೇನೆ. ಸರ್ಕಾರಿ ವಕೀಲೆ, ಇಷ್ಟಿದ್ರೆ ಅವನು ಒಳಗೇ ಇರ್ತಾನೆ ಬಿಡಿ ಅಂದರು.

ಇಸ್ತ್ರಿಯಮ್ಮನೂ ಸಾಕ್ಷಿ ಹೇಳಲು ಬರುತ್ತಾಳೆ. ನಾನೇನು ಹೇಳ್ಲಿ ಟೀಚರಮ್ಮ ಅಂದಳು, ಕಂಡದ್ದು ಹೇಳು ಅಂದೆ. ನೀವೂ ಹಂಗೇ ಹೇಳ್ತೀರಲ್ವಾ ಅಂತ ನನ್ನ ಮುಖ ನೋಡಿದಳು.

ವಾರ್ಡಿನ ಬಾಗಿಲಿಗೆ ಚಿಲಕ ಹಾಕಿಸಲು ಮೇಲಿನವರಿಗೆ ಬರೆದುಕೊಟ್ಟಿದ್ದೇನೆ. ಅಷ್ಟರವರೆಗೆ ರಾತ್ರಿಯ ನರ್ಸು ಒಳಗಿನಿಂದ ಕುರ್ಚಿ ಅಡ್ಡ ಇಡುತ್ತಾಳೆ.

ನಿನ್ನ ಉತ್ತರಕ್ಕೆ ಕಾಯದೆಯೂ ಬರೆಯಲು ಕಲಿಯುತ್ತಿರುವ,
ಅಕ್ಕ

ಮರೆತಿದ್ದು: ಮರೆತಿದ್ದಲ್ಲ. ಇದನ್ನು ಮೇಲೆ ಬರೆಯಲಾಗಲಿಲ್ಲ.

ಮೊದಲಿನ ಕೆಂಪು ನಿನ್ನೆ ಸಿಕ್ಕಿದ್ದಲ್ಲ. ಉಗುರು ಹೋದದ್ದು ಲ್ಯಾಬಿನ ಬೀರುವಿನಿಂದಲೂ ಅಲ್ಲ. ಹೋದ ತಿಂಗಳು ನೀನು ಸ್ನಾನಕ್ಕೆ ಹೋಗಿದ್ದಾಗ ನಿಮ್ಮ ಮನೆಗೆ ಬಂದಿದ್ದೆ. ಅವನು ನನ್ನ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಒತ್ತಿ ಹಿಡಿದು, ನಿಧಾನವಾಗಿ, ಇನ್ನೊಂದ್ಸಲ ಬಂದ್ರೆ ಐದೂ ಹೋಗತ್ತೆ ಅತ್ತಿಗೆ, ಅಂದ. ನಾನು ಕೂಗಲಿಲ್ಲ. ಒಳಗೆ ನೀರಿನ ಸದ್ದು ಕೇಳುತ್ತಿತ್ತು. ನನ್ನ ಮನೆಗೆ ವಾಪಸು ಬಂದುಬಿಟ್ಟೆ.

ಮೊದಲ ಕೆಂಪಿನಲ್ಲಿ ನೀನು 'ನಾಳೆ' ಎಂದು ಬರೆದು, ಹೊಡೆದುಹಾಕಿ, 'ಈಗ ಬರಬೇಡ' ಎಂದು ತಿದ್ದಿದ್ದೆ. ಅಕ್ಷರಕ್ಕೆ ಅಕ್ಷರ ಎಂದಿದ್ದೆನಲ್ಲ, ಎರಡನೆಯದರಲ್ಲಿ ಹೊಡೆದುಹಾಕಿದ ಪದವನ್ನೂ ನಕಲು ಮಾಡಿದ್ದೀಯ. ಇದನ್ನೂ ನಾಳೆ ಹೇಳುತ್ತೇನೆ. ಮೊದಲು ನಿನಗೆ ಗೊತ್ತಾಗಲಿ ಎಂದು ಈ ಪತ್ರಕ್ಕೆ ಹಳದಿ ದಾರ ಕಟ್ಟಿದ್ದೇನೆ.

ಆ ಗುರುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಎರಡೂ ಚೀಟಿ ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇದ್ದವು. ಎರಡರಲ್ಲೂ 'ನಾಳೆ' ಹೊಡೆದುಹಾಕಿತ್ತು, ಎರಡನೆಯದು ನಕಲೆಂದು ಅದೇ ಹೇಳುತ್ತಿತ್ತು. ನೋಡಿದೆ. ಆಮೇಲೆ ಚೀಲ ಬಿಚ್ಚಿದೆ.